ಓಲೆಗರಿಗೆ ಯೋಜನೆ ಬಂತು, ಕಡತಕ್ಕೆ ಯಾರು?

ಶ್ರುತ ಭಂಡಾರಗಳ ಡಿಜಿಟಲೀಕರಣ: ಗ್ರಂಥದ ಜೊತೆ ಅದರ ದಾಖಲೆಯೂ ಉಳಿಯಬೇಕು

ಕೇಂದ್ರ ಸರ್ಕಾರ 2025-26ರ ಬಜೆಟ್‌ನಲ್ಲಿ ‘ಜ್ಞಾನ ಭಾರತಂ’ ಯೋಜನೆಯನ್ನು ಪ್ರಕಟಿಸಿತು. ವಿಶ್ವವಿದ್ಯಾಲಯ, ಗ್ರಂಥಾಲಯ, ವಸ್ತುಸಂಗ್ರಹಾಲಯ ಮತ್ತು ಖಾಸಗಿ ಸಂಗ್ರಹಗಳಲ್ಲಿರುವ ಒಂದು ಕೋಟಿಗೂ ಹೆಚ್ಚು ಹಸ್ತಪ್ರತಿಗಳ ಸಮೀಕ್ಷೆ, ದಾಖಲೀಕರಣ ಮತ್ತು ಸಂರಕ್ಷಣೆ ಇದರ ಗುರಿ. 2003ರಿಂದ ನಡೆದು ಬಂದ ರಾಷ್ಟ್ರೀಯ ಹಸ್ತಪ್ರತಿ ಮಿಷನ್‌ಗೆ ಇಟ್ಟಿದ್ದ 3.5 ಕೋಟಿ ರೂಪಾಯಿ ಅನುದಾನ 60 ಕೋಟಿಗೆ ಏರಿತು. 2025ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಭವನದಲ್ಲಿ ಸಮ್ಮೇಳನ ನಡೆದು, ಯೋಜನೆಯ ಪೋರ್ಟಲ್ ಕೂಡ ಬಿಡುಗಡೆಯಾಯಿತು. ಇದಕ್ಕೂ ಮುಂಚೆ, 2024ರ ಅಕ್ಟೋಬರ್‌ನಲ್ಲಿ, ಪ್ರಾಕೃತಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ಸಿಕ್ಕಿತ್ತು.

ಜೈನ ಸಮಾಜಕ್ಕೆ ಇವೆರಡೂ ಸಂತೋಷದ ಸುದ್ದಿ. ಮೂಡುಬಿದಿರೆ, ಶ್ರವಣಬೆಳಗೊಳ, ಕಾರ್ಕಳ, ಹುಂಚದಂಥ ಕ್ಷೇತ್ರಗಳ ಶ್ರುತ ಭಂಡಾರಗಳಲ್ಲಿ ಇರುವುದು ಈ ಯೋಜನೆ ಹುಡುಕುತ್ತಿರುವ ವಸ್ತುವೇ. ಹಣ ಇದೆ, ಯಂತ್ರ ಇದೆ, ಸರ್ಕಾರಕ್ಕೆ ಮನಸ್ಸೂ ಇದೆ. ಇಂಥ ಕಾಲ ಮತ್ತೆ ಮತ್ತೆ ಬರುವುದಿಲ್ಲ.

ಆದರೆ ಈ ಸಂತೋಷದ ನಡುವೆ ಒಂದು ವಿಷಯ ಹಲವರ ಕಣ್ಣಿಗೆ ಬಿದ್ದಂತಿಲ್ಲ. ಯೋಜನೆ ಬರುವುದು ಗ್ರಂಥಗಳಿಗೆ. ಅದೇ ಭಂಡಾರದ ಅದೇ ಕಪಾಟಿನ ಕೆಳಗಿನ ಅರೆಯಲ್ಲಿರುವ ಲೆಕ್ಕದ ಕಡತ, ಹಳೆಯ ಪತ್ರ, ದಾನದ ಪಟ್ಟಿ, ಗ್ರಂಥ ಕೊಟ್ಟು ಪಡೆದ ರಿಜಿಸ್ಟರ್‌ಗಳಿಗೆ ಅದು ಬರುವುದಿಲ್ಲ.

ವ್ಯಾಖ್ಯೆಯಲ್ಲೇ ಇರುವ ಗೆರೆ

ಹಸ್ತಪ್ರತಿ ಎಂದರೆ ಏನು ಎಂಬುದಕ್ಕೆ ಮಿಷನ್ ಮೊದಲಿನಿಂದಲೂ ಒಂದು ವ್ಯಾಖ್ಯೆ ಇಟ್ಟುಕೊಂಡಿದೆ. ಕೈಬರಹದಲ್ಲಿರಬೇಕು. ಕಾಗದ, ತೊಗಟೆ, ಬಟ್ಟೆ, ಲೋಹ, ಓಲೆ ಯಾವುದರ ಮೇಲಿದ್ದರೂ ಸರಿ. ಕನಿಷ್ಠ 75 ವರ್ಷ ಹಳೆಯದಾಗಿರಬೇಕು. ವೈಜ್ಞಾನಿಕ, ಐತಿಹಾಸಿಕ ಅಥವಾ ಕಲಾತ್ಮಕ ಮೌಲ್ಯ ಇರಬೇಕು. ಇಲ್ಲಿಯವರೆಗೆ ಯಾರಿಗೂ ತಕರಾರಿಲ್ಲ. ಮುಂದೆ ಅದೇ ವ್ಯಾಖ್ಯೆ ಒಂದು ಗೆರೆ ಎಳೆಯುತ್ತದೆ. ಮುದ್ರಿತ ಪುಸ್ತಕ ಹಸ್ತಪ್ರತಿಯಲ್ಲ. ಶಿಲಾಶಾಸನ, ಫರ್ಮಾನು, ಕಂದಾಯದ ದಾಖಲೆಗಳಂಥ ಐತಿಹಾಸಿಕ ದಾಖಲೆಗಳೂ ಹಸ್ತಪ್ರತಿಗಳಲ್ಲ. ಜ್ಞಾನದ ವಿಷಯ ಉಳ್ಳದ್ದು ಮಾತ್ರ ಹಸ್ತಪ್ರತಿ.

ಸರ್ಕಾರದ ದೃಷ್ಟಿಯಿಂದ ಇದು ತಪ್ಪಲ್ಲ. ದಾಖಲೆಗಳಿಗೆ ಪತ್ರಾಗಾರ ಇಲಾಖೆ ಬೇರೆ ಇದೆ. ಶಾಸನಗಳಿಗೆ ಪುರಾತತ್ವ ಇಲಾಖೆ ಇದೆ. ಆದರೆ ಪತ್ರಾಗಾರ ಇಲಾಖೆ ಮುಖ್ಯವಾಗಿ ನೋಡಿಕೊಳ್ಳುವುದು ಸರ್ಕಾರಿ ಕಡತಗಳನ್ನು. ಒಂದು ಮಠದ, ಒಂದು ಬಸದಿಯ, ಒಂದು ವರ್ತಕ ಮನೆತನದ ಖಾಸಗಿ ದಾಖಲೆ ಈ ಇಲಾಖೆಗಳ ನಡುವಿನ ಸಂದಿಯಲ್ಲಿ ಬಿದ್ದುಹೋಗುತ್ತದೆ. ಅದನ್ನು ಎತ್ತಿಕೊಳ್ಳಬೇಕಾದವರು ಸಮಾಜದವರೇ.

ಕಡತ ಎಂದರೆ ಏನು?

ಇಂದು ಕಡತ ಎಂದರೆ ಸರ್ಕಾರಿ ಕಚೇರಿಯ ಫೈಲು. ಹಿಂದೆ ಅದು ಒಂದು ವಸ್ತುವಿನ ಹೆಸರು. ಉದ್ದನೆಯ ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲು ಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದರೆ ಕಪ್ಪು ಹಲಗೆಯಂಥ ಪುಸ್ತಕ ಸಿದ್ಧ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಕರ್ನಾಟಕದ ಮಠ, ಅರಮನೆ, ಅಂಗಡಿಗಳ ಲೆಕ್ಕವೆಲ್ಲ ಒಂದು ಕಾಲಕ್ಕೆ ಇದರಲ್ಲೇ ಇರುತ್ತಿತ್ತು.

ಇಂಥ ದಾಖಲೆಗಳ ಬೆಲೆ ಎಷ್ಟೆಂದು ತಿಳಿಯಲು ಒಂದು ಉದಾಹರಣೆ ಸಾಕು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ಶೃಂಗೇರಿ ಮಠದ ದಾಖಲೆಗಳಲ್ಲಿ ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಕನ್ನಡ ಪತ್ರಗಳನ್ನು ಕಂಡರು. ಆ ಕಾಲದ ಚರಿತ್ರೆ ಬರೆಯುವವರು ಇಂದಿಗೂ ಅವುಗಳನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆ ಪತ್ರಗಳು ಶಾಸ್ತ್ರವಲ್ಲ, ಕಾವ್ಯವಲ್ಲ. ಮಠದವರು ‘ಹಳೆಯ ಕಾಗದ’ ಎಂದು ಎಸೆಯದೆ ಇಟ್ಟಿದ್ದರಿಂದ ಉಳಿದವು.

ಜೈನ ಸಮಾಜದ ಉದಾಹರಣೆ ಶ್ರವಣಬೆಳಗೊಳದಲ್ಲೇ ಇದೆ. ಅಲ್ಲಿನ 1634ರ ಶಾಸನದ ಪ್ರಕಾರ ಕ್ಷೇತ್ರದ ಭೂಮಿಗಳು ವರ್ತಕರಲ್ಲಿ ಅಡವಾಗಿದ್ದವು. ಮೈಸೂರಿನ ಚಾಮರಾಜ ಒಡೆಯರು ವಿಚಾರಿಸಿದಾಗ ಸಾಲ ಕೊಟ್ಟಿದ್ದ ವರ್ತಕರು ಆ ಅಡವನ್ನು ಬಿಟ್ಟುಕೊಟ್ಟರು. ಕ್ಷೇತ್ರ ಎಷ್ಟು ಕಷ್ಟದಲ್ಲಿತ್ತು, ಅದರಿಂದ ಹೇಗೆ ಪಾರಾಯಿತು ಎಂಬುದು ಇಂದು ತಿಳಿದಿರುವುದು ಆ ಬರಹ ಉಳಿದದ್ದರಿಂದ. ಕಲ್ಲು ಉಳಿಯುತ್ತದೆ. ಬಟ್ಟೆ, ಕಾಗದ ತಾವಾಗಿ ಉಳಿಯುವುದಿಲ್ಲ. ಯಾರಾದರೂ ಉಳಿಸಬೇಕು.

ಧವಲದ ಕಥೆ ಕಲಿಸುವುದು

ಮೂಡುಬಿದಿರೆಯ ಸಿದ್ಧಾಂತ ಬಸದಿಯ ಧವಲ, ಜಯಧವಲ, ಮಹಾಧವಲಗಳ ಕಥೆ ಎಲ್ಲ ಶ್ರಾವಕರಿಗೂ ಗೊತ್ತು. ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರ ಷಟ್ಖಂಡಾಗಮಕ್ಕೆ ವೀರಸೇನಾಚಾರ್ಯರು 9ನೆಯ ಶತಮಾನದಲ್ಲಿ ಬರೆದ ಧವಲಾ ಟೀಕೆಯ ಪ್ರಾಚೀನ ಪ್ರತಿ ದೇಶದಲ್ಲಿ ಬೇರೆಲ್ಲೂ ಉಳಿಯದೆ ಮೂಡುಬಿದಿರೆಯಲ್ಲಿ ಮಾತ್ರ ಉಳಿಯಿತು. ನೂರಾರು ವರ್ಷ ಅದು ದರ್ಶನಕ್ಕೆ ಮಾತ್ರ ಇತ್ತು, ಓದಿಗೆ ಸಿಗುತ್ತಿರಲಿಲ್ಲ.

1883ರಲ್ಲಿ ಮುಂಬಯಿಯ ಸೇಠ್ ಮಾಣಿಕಚಂದರು ಸಂಘದೊಡನೆ ಮೂಡುಬಿದಿರೆ ಯಾತ್ರೆಗೆ ಬಂದರು. ಓಲೆಗಳು ಶಿಥಿಲವಾಗುತ್ತಿರುವುದನ್ನು ಕಂಡು ಅವರಿಗೆ ಚಿಂತೆಯಾಯಿತು. ಸೋಲಾಪುರದ ಹೀರಾಚಂದ ನೇಮಚಂದರ ಜೊತೆ ಸೇರಿ ಪ್ರತಿ ಮಾಡಿಸುವ ಪ್ರಯತ್ನ ಶುರುವಾಯಿತು. ಇಬ್ಬರೂ ವ್ಯಾಪಾರಸ್ಥರು. 1896ರ ಸುಮಾರಿಗೆ ಆರಂಭವಾದ ನಕಲು ಕೆಲಸ ಮುಗಿಯಲು 1922 ಆಯಿತು. ಒಂದು ಪ್ರತಿ ಹೊರಗೆ ಹೋಗಿ ಸಹಾರನಪುರ ಸೇರಿತು. ಅಲ್ಲಿಂದ ಮತ್ತೆ ಮತ್ತೆ ನಕಲುಗಳಾದವು. ಪ್ರೊ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಮೊದಲ ಸಂಪುಟ 1939ರಲ್ಲಿ ಅಮರಾವತಿಯಿಂದ ಅಚ್ಚಾಯಿತು. ಒಟ್ಟು 16 ಸಂಪುಟ ಬರಲು ಎರಡು ದಶಕ ಹಿಡಿಯಿತು.

ಈ ಇಡೀ ಕಥೆ ಇಂದು ತಿಳಿದಿರುವುದು ಹೇಗೆ? ಯಾರು ಹಣ ಕೂಡಿಸಿದರು, ಯಾರು ನಕಲು ಮಾಡಿದರು, ಪ್ರತಿ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬುದನ್ನು ಹೀರಾಲಾಲರು ಮೊದಲ ಸಂಪುಟದ ಪ್ರಸ್ತಾವನೆಯಲ್ಲೇ ಬರೆದಿಟ್ಟರು. ಬರೆಯದೇ ಹೋಗಿದ್ದರೆ ಗ್ರಂಥ ಇರುತ್ತಿತ್ತು, ಅದು ಉಳಿದ ಬಗೆ ಮರೆತುಹೋಗುತ್ತಿತ್ತು.

ಇನ್ನೂ ಹಿಂದಕ್ಕೆ ಹೋದರೆ ಮಲ್ಲಿಕಬ್ಬೆ ಸಿಗುತ್ತಾರೆ. ಮಹಾಬಂಧದ ಪ್ರತಿಯ ಕೊನೆಯ ಪ್ರಶಸ್ತಿ ಪದ್ಯಗಳಿಂದ, ಈ ಶ್ರಾವಿಕೆ ಶ್ರೀಪಂಚಮಿ ನೋಂಪಿಯ ಉದ್ಯಾಪನೆಗೆ ಆ ಗ್ರಂಥವನ್ನು ಬರೆಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದ್ದು ತಿಳಿಯುತ್ತದೆ. ಆ ಪದ್ಯಗಳು ಸಿದ್ಧಾಂತವಲ್ಲ. ದಾನದ ದಾಖಲೆ. ಕೊನೆಯ ಗರಿ ಹರಿದುಹೋಗಿದ್ದರೆ ಆಗಮ ಉಳಿಯುತ್ತಿತ್ತು, ಮಲ್ಲಿಕಬ್ಬೆಯ ಹೆಸರು ಅಳಿಯುತ್ತಿತ್ತು.

ಒಂದು ಪದದ ವ್ಯತ್ಯಾಸ

ಪ್ರತಿ ಇದ್ದರೆ ಸಾಕು, ಮೂಲ ಏಕೆ ಎನ್ನುವವರಿಗೂ ಇದೇ ಗ್ರಂಥ ಉತ್ತರ ಕೊಡುತ್ತದೆ. ಷಟ್ಖಂಡಾಗಮದ ಮೊದಲ ಭಾಗದ 93ನೆಯ ಸೂತ್ರದಲ್ಲಿ ‘ಸಂಜದ’ ಎಂಬ ಪದ ಸಂಪಾದಕರ ಕೈಗೆ ಸಿಕ್ಕ ನಕಲುಗಳಲ್ಲಿ ಇರಲಿಲ್ಲ. ಅಲ್ಲಿ ಆ ಪದ ಇರಬೇಕು ಎಂದು ಸಂಪಾದಕರು ಸೂಚಿಸಿದಾಗ ವಿದ್ವಾಂಸರಲ್ಲಿ ದೊಡ್ಡ ಚರ್ಚೆ ಎದ್ದಿತು. ಕೊನೆಗೆ ಮೂಡುಬಿದಿರೆಯ ಮೂಲ ಓಲೆಯನ್ನು ನೋಡಿದಾಗ ಆ ಪದ ಅಲ್ಲಿ ಇತ್ತು. ಅದರ ಅರ್ಥದ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಕೈಬದಲಾದ ನಕಲಿನಲ್ಲಿ ಒಂದು ಪದ ಬಿಟ್ಟುಹೋಗಬಹುದು ಎಂಬುದು ಖಚಿತವಾಯಿತು.

ಇಂದಿನ ಛಾಯಾಚಿತ್ರ ಪದ ಬಿಡುವುದಿಲ್ಲ, ನಿಜ. ಆದರೆ ಗರಿ ಬಿಡುತ್ತದೆ. ಕ್ಯಾಮೆರಾ ಮುಂದೆ ಎರಡು ಗರಿ ಒಟ್ಟಿಗೆ ಮಗುಚಿದರೆ ಒಂದು ಗರಿಯ ಚಿತ್ರವೇ ಇಲ್ಲ. ತಾಳೆ ನೋಡುವ ಪಟ್ಟಿ ಇಲ್ಲದಿದ್ದರೆ ಅದು ಯಾರಿಗೂ ತಿಳಿಯುವುದಿಲ್ಲ.

ಮೊದಲು ಪಟ್ಟಿ, ಆಮೇಲೆ ಕ್ಯಾಮೆರಾ

ಯಾವ ವ್ಯಾಪಾರಸ್ಥನೂ ಸ್ಟಾಕ್ ಪುಸ್ತಕ ಇಲ್ಲದೆ ಗೋದಾಮು ನಡೆಸುವುದಿಲ್ಲ. ಶ್ರುತ ಭಂಡಾರಕ್ಕೂ ಇದೇ ನಿಯಮ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಇದನ್ನು ಬಹಳ ಹಿಂದೆಯೇ ಮಾಡಿ ತೋರಿಸಿದರು. ಬಿಹಾರದ ಆರಾ ಪಟ್ಟಣದಲ್ಲಿ ಬಾಬು ದೇವಕುಮಾರ ಜೈನರು 1903ರಲ್ಲಿ ಸ್ಥಾಪಿಸಿದ ಜೈನ ಸಿದ್ಧಾಂತ ಭವನದಲ್ಲಿ ಅವರು ಹಲವು ವರ್ಷ ಕೆಲಸ ಮಾಡಿದ್ದರು. ಬಳಿಕ ಮೂಡುಬಿದಿರೆ, ಕಾರ್ಕಳ ಮುಂತಾದ ಕಡೆಯ ಭಂಡಾರಗಳ ಓಲೆಗ್ರಂಥಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ‘ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿ’ ಸಿದ್ಧಪಡಿಸಿದರು. ಭಾರತೀಯ ಜ್ಞಾನಪೀಠ ಅದನ್ನು 1948ರಲ್ಲಿ ಪ್ರಕಟಿಸಿತು. ಅಂದು ಕಂಪ್ಯೂಟರ್ ಇರಲಿಲ್ಲ. ಆದರೂ ಇಂದು ಯಾವ ಕಟ್ಟು ಇದೆ, ಯಾವುದು ಇಲ್ಲ ಎಂದು ತಾಳೆ ನೋಡಲು ಆ ಸೂಚಿಯೇ ಆಧಾರ.

ಗ್ರಂಥಗಳಿಗೆ ಇಂಥ ಸೂಚಿ ಇದೆ. ಕಡತ, ಪತ್ರ, ರಿಜಿಸ್ಟರ್‌ಗಳಿಗೆ ಎಲ್ಲಿದೆ? ಹಳೆಯ ಊರುಗಳ ಬಸದಿ ಸಮಿತಿಗಳು ಈ ಪ್ರಶ್ನೆಯನ್ನು ತಮ್ಮ ಮುಂದಿನ ಸಭೆಯಲ್ಲೇ ಕೇಳಿಕೊಳ್ಳಬೇಕು.

2013ರ ಜುಲೈನಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಿಂದ ಅಮೂಲ್ಯ ಜಿನಬಿಂಬಗಳು ಕಳವಾದಾಗ ಇಡೀ ಸಮಾಜ ನೊಂದುಕೊಂಡಿತು. ಕಳವಾದ ವಸ್ತು ಎಲ್ಲೋ ಸಿಕ್ಕಾಗ ‘ಇದು ಬಸದಿಯದು’ ಎಂದು ತೋರಿಸಲು ಬೇಕಾಗುವುದು ದಾಖಲೆ: ಅಳತೆ, ಚಿತ್ರ, ಯಾರು ಯಾವಾಗ ಕೊಟ್ಟರು ಎಂಬ ಬರಹ. 1972ರ ಪ್ರಾಚೀನ ವಸ್ತುಗಳ ಕಾಯ್ದೆಯಲ್ಲಿ 75 ವರ್ಷ ಮೀರಿದ ಮೌಲ್ಯಯುತ ಹಸ್ತಪ್ರತಿಯೂ ಪ್ರಾಚೀನ ವಸ್ತುವೇ. ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಕಾನೂನು ಇದ್ದರೂ, ಇಂಥದೊಂದು ವಸ್ತು ಇತ್ತು ಎಂಬುದಕ್ಕೇ ಬರಹ ಇಲ್ಲದಿದ್ದರೆ ಕಾನೂನು ಏನು ಮಾಡೀತು?

ಕೆಲಸ ನಡೆಯುವ ರೀತಿ

ಡಿಜಿಟಲೀಕರಣ ಎಂದರೆ ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ಹಾಕುವುದಲ್ಲ. ಸರಿಯಾದ ಕೆಲಸಕ್ಕೆ ಕೆಲವು ಹಂತಗಳಿವೆ.

ಮೊದಲನೆಯದು ಶುಚಿ. ಓಲೆಗರಿಯನ್ನು ಮೆತ್ತನೆಯ ಕುಂಚದಿಂದ ಧೂಳು ತೆಗೆದು, ಅಗತ್ಯವಿದ್ದರೆ ನುರಿತವರು ಸಿಟ್ರೊನೆಲ್ಲಾದಂಥ ಎಣ್ಣೆ ಹಚ್ಚುತ್ತಾರೆ. ಗರಿ ಮೆತ್ತಗಾಗುತ್ತದೆ, ಹುಳು ದೂರ ಇರುತ್ತದೆ. ಕಂಠದಿಂದ ಕೊರೆದ ಅಕ್ಷರ ಮಾಸಿದ್ದರೆ ದೀಪದ ಮಸಿ ಹಚ್ಚಿ ಒರೆಸಿದಾಗ ಮತ್ತೆ ಕಾಣುತ್ತದೆ. ಇದೇ ಉಪಚಾರವನ್ನು ಕಡತಕ್ಕೆ ಮಾಡಿದರೆ ಅನಾಹುತ. ಬಳಪದ ಬರಹ ಒರೆಸಿದರೆ ಹೋಗುತ್ತದೆ. ಎಣ್ಣೆ, ಒದ್ದೆ ಬಟ್ಟೆ ಎರಡೂ ಕಡತಕ್ಕೆ ಶತ್ರು. ಶ್ರದ್ಧೆಯಿಂದ ಸ್ವಚ್ಛ ಮಾಡಲು ಹೋಗಿ ಇನ್ನೂರು ವರ್ಷದ ಲೆಕ್ಕವನ್ನು ಒಂದು ಗಂಟೆಯಲ್ಲಿ ಅಳಿಸಿಬಿಡಬಹುದು. ಹಾಗೆಯೇ ಹರಿದ ಕಾಗದಕ್ಕೆ ಸೆಲ್ಲೋಟೇಪ್ ಹಚ್ಚುವುದು, ಲ್ಯಾಮಿನೇಷನ್ ಮಾಡಿಸುವುದು ಎರಡೂ ಬೇಡ.

ಎರಡನೆಯದು ಚಿತ್ರೀಕರಣ. ಪ್ರತಿ ಗರಿಯ ಎರಡೂ ಬದಿ, ಪಕ್ಕದಲ್ಲಿ ಅಳತೆಪಟ್ಟಿ ಮತ್ತು ಬಣ್ಣದ ಪಟ್ಟಿ, ಪ್ರತಿ ಚಿತ್ರಕ್ಕೂ ಕಟ್ಟಿನ ಸಂಖ್ಯೆ, ಗರಿಯ ಸಂಖ್ಯೆ, ಬದಿ. ಖಾಲಿ ಗರಿಯನ್ನೂ ಬಿಡಬಾರದು. ಕರಾವಳಿಯಲ್ಲಿ ಮಳೆಗಾಲದಲ್ಲಿ ಕಟ್ಟು ಬಿಚ್ಚುವುದು ಒಳ್ಳೆಯದಲ್ಲ. ಗಾಳಿ ಒಣಗಿರುವ ತಿಂಗಳುಗಳಲ್ಲಿ ಕೆಲಸ ಇಟ್ಟುಕೊಳ್ಳಬೇಕು.

ಮೂರನೆಯದು ಶೇಖರಣೆ. ಹಲವರು ಮರೆಯುವುದು ಇದನ್ನೇ. ಒಂದು ಕಟ್ಟಿನಲ್ಲಿ 200 ಗರಿ ಎಂದಿಟ್ಟುಕೊಂಡರೆ 400 ಚಿತ್ರ. ಒಳ್ಳೆಯ ಗುಣಮಟ್ಟದ ಒಂದು ಚಿತ್ರ 50 ಎಂಬಿ ಎಂದರೆ ಒಂದು ಕಟ್ಟಿಗೆ 20 ಜಿಬಿ. 500 ಕಟ್ಟಿದ್ದರೆ 10 ಸಾವಿರ ಜಿಬಿ. ಇದನ್ನು ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ತುಂಬಿ ಬೀರುವಿನಲ್ಲಿ ಇಟ್ಟರೆ ಕೆಲವೇ ವರ್ಷಗಳಲ್ಲಿ ಅದು ತೆರೆಯದೇ ಹೋಗಬಹುದು. ಓಲೆ ಎಂಟುನೂರು ವರ್ಷ ಬಾಳಿತು, ಹಾರ್ಡ್ ಡಿಸ್ಕ್ ಹತ್ತು ವರ್ಷ ಬಾಳುವ ಭರವಸೆ ಇಲ್ಲ. ಆದ್ದರಿಂದ ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಿನಲ್ಲಿ ಎಂಬುದು ಎಲ್ಲ ಕಡೆ ಒಪ್ಪಿದ ನಿಯಮ. ವರ್ಷಕ್ಕೊಮ್ಮೆ ತೆರೆದು ನೋಡಬೇಕು, ಹಳೆಯ ಡಿಸ್ಕ್‌ನಿಂದ ಹೊಸದಕ್ಕೆ ವರ್ಗಾಯಿಸಬೇಕು. ಚಿತ್ರ ತೆಗೆಯುವ ಖರ್ಚು ಒಮ್ಮೆ ಬರುತ್ತದೆ. ಕಾಪಾಡುವ ಖರ್ಚು ಪ್ರತಿ ವರ್ಷ ಬರುತ್ತದೆ. ದಾನಿಗಳನ್ನು ಕೇಳುವಾಗ ಎರಡನ್ನೂ ಹೇಳಬೇಕು.

ಒಂದು ಪ್ರತಿ ಸಾಲದು ಎಂಬುದು ಈ ಸಮಾಜಕ್ಕೆ ಹೊಸ ಪಾಠವಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ 10ನೆಯ ಶತಮಾನದಲ್ಲೇ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದರು. ಕಳೆದ ಶತಮಾನದಲ್ಲಿ ಆಚಾರ್ಯ ಶಾಂತಿಸಾಗರ ಮಹಾರಾಜರ ಪ್ರೇರಣೆಯಿಂದ ಧವಲಾದಿ ಗ್ರಂಥಗಳನ್ನು ತಾಮ್ರಪತ್ರದ ಮೇಲೆ ಕೊರೆಸಿದ್ದೂ ಇದೇ ಉದ್ದೇಶಕ್ಕೆ.

ಅಂಜಿಕೆಗೂ ಕಾರಣ ಇದೆ

ಡಿಜಿಟಲೀಕರಣ ಎಂದೊಡನೆ ಕೆಲವು ಭಂಡಾರದವರು ಹಿಂಜರಿಯುತ್ತಾರೆ. ಇದನ್ನು ಹಳೆಯ ಕಾಲದ ಮನಸ್ಸು ಎಂದು ತಳ್ಳಿಹಾಕಬಾರದು. ಮೂಲ ಕೈತಪ್ಪಿ ಹೋದೀತು ಎಂಬ ಅಂಜಿಕೆ, ಚಿತ್ರ ತೆಗೆದವರು ತಮ್ಮ ಹೆಸರಿನಲ್ಲಿ ಮಾರಿಕೊಂಡಾರು ಎಂಬ ಸಂಶಯ, ಜಿನವಾಣಿಗೆ ಅವಿನಯ ಆದೀತು ಎಂಬ ಕಳವಳ ಮೂರೂ ಅನುಭವದಿಂದಲೇ ಬಂದಿವೆ. ಕಡತಗಳ ವಿಷಯದಲ್ಲಿ ಇನ್ನೊಂದು ಸೇರುತ್ತದೆ. ಅವುಗಳಲ್ಲಿ ಜಮೀನು, ಸಾಲ, ಮನೆತನಗಳ ವ್ಯಾಜ್ಯ ಇರುತ್ತದೆ. ಎಲ್ಲವನ್ನೂ ಜಗತ್ತಿಗೆ ತೆರೆದಿಡಲು ಯಾರೂ ಒಪ್ಪಲಾರರು.

ಇದಕ್ಕೆ ಪರಿಹಾರ ಬಾಗಿಲು ಮುಚ್ಚುವುದಲ್ಲ. ಬರಹದಲ್ಲಿ ಕರಾರು ಮಾಡಿಕೊಳ್ಳುವುದು. ಮೂಲ ಭಂಡಾರದಿಂದ ಹೊರಗೆ ಹೋಗಬಾರದು, ಕೆಲಸ ಅಲ್ಲೇ ನಡೆಯಬೇಕು. ಚಿತ್ರಗಳ ಪೂರ್ಣ ಗುಣಮಟ್ಟದ ಪ್ರತಿ ಮೊದಲು ಭಂಡಾರಕ್ಕೆ ಸಿಗಬೇಕು. ಪಟ್ಟಿ ಎಲ್ಲರಿಗೂ ತೆರೆದಿರಲಿ, ಗ್ರಂಥದ ಚಿತ್ರ ವಿದ್ವಾಂಸರು ಕೇಳಿದಾಗ ಸಿಗಲಿ, ಖಾಸಗಿ ವಿಷಯದ ದಾಖಲೆ ಸಮಿತಿಯ ಒಪ್ಪಿಗೆಯ ಮೇಲೆ ಮಾತ್ರ ಸಿಗಲಿ. ಪ್ರಕಟಿಸುವವರು ಭಂಡಾರದ ಹೆಸರು ಹೇಳಬೇಕು. ಲಂಡನ್ನಿನ ಬ್ರಿಟಿಷ್ ಲೈಬ್ರರಿ 2004ರಿಂದ ನಡೆಸುತ್ತಿರುವ ಅಪಾಯದಂಚಿನ ದಾಖಲೆಗಳ ಯೋಜನೆಯಲ್ಲೂ ಮೂಲ ಆಯಾ ದೇಶದಲ್ಲೇ ಉಳಿಯಬೇಕೆಂಬ ನಿಯಮವಿದೆ. ಕೇಳಿದರೆ ಸಿಗುವ ಷರತ್ತುಗಳಿವು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಓದುವವರು ಬೇಕು

ಎಲ್ಲ ಚಿತ್ರ ತೆಗೆದಾದ ಮೇಲೂ ಒಂದು ಕೊರತೆ ಉಳಿಯುತ್ತದೆ. ಹಳೆಯ ಕನ್ನಡ ಲಿಪಿ, ಕರಾವಳಿಯ ತಿಗಳಾರಿ ಲಿಪಿ, ಕಡತದ ಅವಸರದ ಮೋಡಿ ಬರಹ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. 2024ರ ಸೆಪ್ಟೆಂಬರ್‌ನಲ್ಲಿ ತುಳು-ತಿಗಳಾರಿ ಲಿಪಿ ಯೂನಿಕೋಡ್ ಸೇರಿತು. ಇನ್ನು ಮುಂದೆ ಅದನ್ನು ಕಂಪ್ಯೂಟರಿನಲ್ಲಿ ಬರೆಯಬಹುದು. ಆದರೆ ಓದಲು ಮನುಷ್ಯನೇ ಬೇಕು. ಹಳೆಯ ಲೆಕ್ಕದ ಮಾತುಗಳು, ವರಹ-ಹಣ-ಅಡ್ಡ-ಹಾಗದ ಗುರುತುಗಳು, ಮುಡಿ-ಕಳಸೆಯ ಅಳತೆಗಳು ಗೊತ್ತಿರುವ ಹಿರಿಯರು ಇನ್ನೂ ಕೆಲವು ಮನೆಗಳಲ್ಲಿ ಇದ್ದಾರೆ. ಅವರ ಜೊತೆ ಊರಿನ ಒಬ್ಬಿಬ್ಬರು ಕಾಲೇಜು ಮಕ್ಕಳನ್ನು ರಜೆಯಲ್ಲಿ ಕೂರಿಸಿದರೆ ಅದಕ್ಕಿಂತ ಒಳ್ಳೆಯ ಶಿಬಿರ ಬೇರೆ ಬೇಕಿಲ್ಲ.

ಈ ವರ್ಷ ಆಗಬಹುದಾದದ್ದು

ಸರ್ಕಾರದ ಯೋಜನೆ ಗ್ರಂಥಗಳ ಕಡೆ ನೋಡಿಕೊಳ್ಳಲಿ. ಅದಕ್ಕೆ ಭಂಡಾರಗಳು ಧೈರ್ಯದಿಂದ ಸಹಕರಿಸಲಿ. ಕಡತಗಳ ಕೆಲಸವನ್ನು ಪ್ರತಿ ಊರಿನ ಸಮಾಜ ತಾನೇ ಆರಂಭಿಸಬಹುದು. ಅದಕ್ಕೆ ಕೋಟಿ ರೂಪಾಯಿ ಬೇಡ. ಒಂದು ನೋಟ್‌ಬುಕ್, ಇಬ್ಬರು ತಾಳ್ಮೆಯವರು, ನಾಲ್ಕು ಭಾನುವಾರ ಸಾಕು. ಕಟ್ಟಿಗೊಂದು ಸಂಖ್ಯೆ, ಯಾವುದರ ಮೇಲೆ ಬರೆದದ್ದು, ಎಷ್ಟು ಹಾಳೆ ಅಥವಾ ಮಡಿಕೆ, ಯಾವ ಲಿಪಿ, ಯಾವ ಸ್ಥಿತಿ, ಎಲ್ಲಿಂದ ಬಂತು. ಈ ಆರು ಕಾಲಂ ತುಂಬಿದರೆ ಅರ್ಧ ಕೆಲಸ ಆದಂತೆ. ಪಟ್ಟಿಯ ಒಂದು ಪ್ರತಿ ಬಸದಿಯಲ್ಲಿ, ಒಂದು ಪ್ರತಿ ಮಠದಲ್ಲಿ, ಒಂದು ಪ್ರತಿ ಬೇರೆ ಊರಿನಲ್ಲಿ ಇರಲಿ.

ಮನೆಗಳಲ್ಲೂ ಇದೇ ಕೆಲಸ ಇದೆ. ಹಳೆಯ ಮನೆ ಕೆಡವಿ ಹೊಸ ಮನೆ ಕಟ್ಟುವಾಗ ಅಟ್ಟದ ಪೆಟ್ಟಿಗೆ ನೇರ ಗುಜರಿಗೆ ಹೋಗುತ್ತದೆ. ಅದರಲ್ಲಿ ಅಜ್ಜನ ಕಾಲದ ಖಾತೆ ಪುಸ್ತಕ, ಪಂಚಕಲ್ಯಾಣದ ಚಂದಾ ಪಟ್ಟಿ, ಬಸದಿಗೆ ಬಿಟ್ಟ ಗದ್ದೆಯ ಪತ್ರ ಇದ್ದೀತು. ಒಂದು ದಿನ ತಡೆದು, ತೆರೆದು ನೋಡಿ, ತಿಳಿದವರಿಗೆ ತೋರಿಸಿ ಆಮೇಲೆ ತೀರ್ಮಾನಿಸಬಹುದು.

ಜ್ಯೇಷ್ಠ ಶುಕ್ಲ ಪಂಚಮಿ, ಅಂದರೆ ಶ್ರುತ ಪಂಚಮಿಯಂದು ಗ್ರಂಥಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರ ಸುತ್ತಿ ಪೂಜಿಸುವುದು ಹಿಂದಿನಿಂದ ಬಂದ ಪದ್ಧತಿ. ಹಿರಿಯರು ಅದನ್ನು ಇಟ್ಟಿದ್ದು ಪೂಜೆಗೂ ಹೌದು, ವರ್ಷಕ್ಕೊಮ್ಮೆ ಭಂಡಾರ ಬಿಚ್ಚಿ ನೋಡಲಿ ಎಂಬುದಕ್ಕೂ ಹೌದು. ಅಂದು ಪೂಜೆ ಮುಗಿದ ಮೇಲೆ ಪಟ್ಟಿ ಹಿಡಿದು ಕಟ್ಟುಗಳನ್ನು ಎಣಿಸಿ, ಕಡತಗಳನ್ನೂ ಅದೇ ಪಟ್ಟಿಗೆ ಸೇರಿಸಿ, ಸಮಿತಿಯ ಇಬ್ಬರು ಸಹಿ ಹಾಕಿದರೆ ಸಾಕು. ದೀಪಾವಳಿಗೆ ಖಾತೆ ತಾಳೆ ನೋಡುವ ಸಮಾಜಕ್ಕೆ ಶ್ರುತ ಪಂಚಮಿಗೆ ಭಂಡಾರ ತಾಳೆ ನೋಡುವುದು ಕಷ್ಟದ ಕೆಲಸವೇನಲ್ಲ.